ಶಿವರಾಮ ಕಾರಂತ: ಕಾದಂಬರಿ, ಆತ್ಮಕಥನ, ಸಂಶೋಧನೆಗಳ ಒಳಸಂಬಂಧ

ಶಿವರಾಮ ಕಾರಂತರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ವೆಂಬ ಸಂಶೋಧನ ಗ್ರಂಥಕ್ಕೆ. ಆ ವೇಳೆಗಾಗಲೇ ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ಗಳು ಪ್ರಕಟವಾಗಿದ್ದವು. ಆದರೂ ಅವರನ್ನು ಕಾದಂಬರಿಕಾರರೆಂದು ಸ್ಥಾಪಿಸಿ, ಉಳಿದ ಬರವಣಿಗೆಯನ್ನು ಇತರ ಕೃತಿಗಳ ಪಟ್ಟಿಗೆ ಸೇರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಈ ವಿಂಗಡಣೆ ಅವರ ಬದುಕಿನ ಕ್ರಮಕ್ಕೆ ಒಗ್ಗುವುದಿಲ್ಲವೆಂಬುದು ಪ್ರಸ್ತುತ ಲೇಖನದ ನಿಲುವು.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕುಂದಾಪುರದ ಸಮೀಪದ ಕೋಟದಲ್ಲಿ. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಖಾದಿ ಪ್ರಚಾರ ಮಾಡಿದರು, ‘ವಸಂತ’ ಪತ್ರಿಕೆ ನಡೆಸಿದರು. ಪುತ್ತೂರಿನ ಬಾಲವನದಲ್ಲಿ ಶಿಕ್ಷಣದ ಪ್ರಯೋಗಗಳಿಗೆ ತೊಡಗಿದರು. 1936ರಲ್ಲಿ ಬಂಟ ಸಮುದಾಯದ ಲೀಲಾ ಆಳ್ವ ಅವರನ್ನು ವಿವಾಹವಾದರು. ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನೂ ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಹೆಚ್ಚುಕಡಿಮೆ ಒಬ್ಬರೇ ಸಿದ್ಧಪಡಿಸಿದರು. ಒಂದು ವಿಶ್ವವಿದ್ಯಾಲಯದ ವಿಭಾಗ ಹಲವರ ನೆರವಿನಿಂದ ಮಾಡಬೇಕಾದ ಕೆಲಸವಿದು.

ಯಕ್ಷಗಾನದ ಬಗೆಗಿನ ಅವರ ದುಡಿಮೆ ಕೇವಲ ಗ್ರಂಥಾಲಯದ್ದಲ್ಲ. ಭಾಗವತರ ಹಾಡುಗಾರಿಕೆ, ಹೆಜ್ಜೆ, ವೇಷ, ಬಣ್ಣಗಾರಿಕೆ, ಹಳೆಯ ಪ್ರಸಂಗಗಳ ಪ್ರತಿ ಇವೆಲ್ಲವನ್ನೂ ಕರಾವಳಿಯ ಕಲಾವಿದರ ನಡುವೆ ಓಡಾಡಿ ಅರಿತರು. ಅಧ್ಯಯನದಿಂದ ಪಡೆದುದನ್ನು ರಂಗದ ಮೇಲೆ ಪರೀಕ್ಷಿಸಿದರು: ಮಾತನ್ನು ಕಡಿಮೆ ಮಾಡಿದರು, ಪ್ರಸಂಗವನ್ನು ಸಂಕ್ಷೇಪಿಸಿದರು, ಪಿಟೀಲು, ಸ್ಯಾಕ್ಸಫೋನುಗಳನ್ನು ಹಿಮ್ಮೇಳಕ್ಕೆ ತಂದರು. ಸಂಪ್ರದಾಯನಿಷ್ಠರು ಇದನ್ನು ವಿರೋಧಿಸಿದ್ದು ಅಕಾರಣವಲ್ಲ. ಅರ್ಥಗಾರಿಕೆಯನ್ನು ಕಳೆದುಕೊಂಡ ಯಕ್ಷಗಾನ ತನ್ನ ಪ್ರೇಕ್ಷಕರ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಆದರೆ ತನ್ನ ನಿರ್ಣಯಗಳನ್ನು ಹೀಗೆ ರಂಗದಲ್ಲಿ ಒರೆಗೆ ಹಚ್ಚಿದ ಸಂಶೋಧಕರು ನಮ್ಮಲ್ಲಿ ವಿರಳ.

ಈ ಶೋಧಕ ಪ್ರವೃತ್ತಿಯೇ ಕಾದಂಬರಿಗಳ ರಚನೆಯನ್ನೂ ನಿರ್ಧರಿಸಿದೆ. ‘ಅಳಿದ ಮೇಲೆ’ಯಲ್ಲಿ ನಿರೂಪಕನು ತೀರಿಕೊಂಡ ಯಶವಂತರಾಯರ ಬದುಕನ್ನು ಅವರು ಬಿಟ್ಟುಹೋದ ಬರಹಗಳಿಂದಲೂ ಅವರನ್ನು ಬಲ್ಲವರ ಮಾತುಗಳಿಂದಲೂ ಕಟ್ಟಿಕೊಳ್ಳುತ್ತ ಹೋಗುತ್ತಾನೆ, ಇದು ಜೀವನಚರಿತ್ರಕಾರನ ವಿಧಾನ. 1968ರ ‘ಮೂಕಜ್ಜಿಯ ಕನಸುಗಳು’ ಇನ್ನೂ ಮುಂದೆ ಹೋಗುತ್ತದೆ. ವಸ್ತುಗಳನ್ನು ಮುಟ್ಟಿ ಗತವನ್ನು ಕಾಣುವ ಅಜ್ಜಿಯ ಮೂಲಕ ದೇವತಾರಾಧನೆಯ ಇತಿಹಾಸ, ಕಾಮ, ಕುಟುಂಬಗಳ ವಿಚಾರಣೆ ನಡೆಯುತ್ತದೆ. ಅಲ್ಲಲ್ಲಿ ಪಾಂಡಿತ್ಯದ ಭಾರ ಕಥನವನ್ನು ಬಾಗಿಸಿದೆ ಎಂದೇ ನನ್ನ ಅನಿಸಿಕೆ. ಈ ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಿತು.

ಆತ್ಮಕಥನದ ವಿಷಯ ಬೇರೆ. ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಕೃತಿಯಲ್ಲಿ ಕಾರಂತರು ತಮ್ಮ ಚಟುವಟಿಕೆಗಳ ಬಗ್ಗೆ ಧಾರಾಳವಾಗಿ ಬರೆಯುತ್ತಾರೆ, ಅಂತರಂಗದ ಬಗ್ಗೆ ಮಿತವಾಗಿ. ಅನ್ಯರ ಮನಸ್ಸನ್ನು ಬಗೆದು ನೋಡಿದ ಕಾದಂಬರಿಕಾರ ಇಲ್ಲಿ ತನ್ನನ್ನೇ ಕ್ಷೇತ್ರಕಾರ್ಯದ ವಸ್ತುವಿನಂತೆ ಹೊರಗಿನಿಂದ ದಾಖಲಿಸುತ್ತಾನೆ.

ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಮರಳಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭಾ ಚುನಾವಣೆಗೆ ನಿಂತು ಸೋತರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. ತೊಂಬತ್ತೈದರ ಇಳಿವಯಸ್ಸಿನಲ್ಲಿ ಅವರು ಬರೆದ ಪುಸ್ತಕ ಹಕ್ಕಿಗಳನ್ನು ಕುರಿತದ್ದು. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು 2002ರಲ್ಲಿ ಪ್ರಕಟಿಸಿತು.