ಬಾಗಿದ ಬೆನ್ನಿಗೆ ಉಕ್ಕಿನ ಆಸರೆ: ಡಾ. ಪಾಲ್ ಹ್ಯಾರಿಂಗ್ಟನ್

ಪೋಲಿಯೊದಿಂದ ಬದುಕುಳಿದ ಮಗುವಿನ ಕಷ್ಟ ಜ್ವರ ಇಳಿದ ಮಾತ್ರಕ್ಕೆ ಮುಗಿಯುತ್ತಿರಲಿಲ್ಲ. ಬೆನ್ನಿನ ಒಂದು ಪಾರ್ಶ್ವದ ಸ್ನಾಯುಗಳು ಬಲ ಕಳೆದುಕೊಂಡರೆ ಬೆನ್ನುಮೂಳೆ ವರ್ಷದಿಂದ ವರ್ಷಕ್ಕೆ ಬಿಲ್ಲಿನಂತೆ ಬಾಗುತ್ತಿತ್ತು. ಅದರೊಂದಿಗೆ ಪಕ್ಕೆಲುಬುಗಳೂ ತಿರುಚಿಕೊಂಡು ಶ್ವಾಸಕೋಶಗಳಿಗೆ ಎಡೆಯಿಲ್ಲದಂತಾಗುತ್ತಿತ್ತು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜೆಫರ್ಸನ್ ಡೇವಿಸ್ ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ಕಂಡ ಮೂಳೆತಜ್ಞ ಡಾ. ಪಾಲ್ ರ‍್ಯಾಂಡಲ್ ಹ್ಯಾರಿಂಗ್ಟನ್, ತಮ್ಮ ವೃತ್ತಿಜೀವನದ ಬಹುಭಾಗವನ್ನು ಈ ಒಂದೇ ಸಮಸ್ಯೆಗೆ ಮೀಸಲಿಟ್ಟರು. ಬೆನ್ನುಮೂಳೆಯನ್ನು ಒಳಗಿನಿಂದಲೇ ಹಿಡಿದು ನೇರಗೊಳಿಸುವ, ಬೇಕಾದಷ್ಟು ಹಿಗ್ಗಿಸಬಲ್ಲ ಉಕ್ಕಿನ ಸಲಕರಣೆ ಹೀಗೆ ರೂಪುಗೊಂಡಿತು.

ಹ್ಯಾರಿಂಗ್ಟನ್ ಹುಟ್ಟಿದ್ದು 1911ರಲ್ಲಿ, ಕ್ಯಾನ್ಸಸ್ ರಾಜ್ಯದಲ್ಲಿ. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅವರು ಬ್ಯಾಸ್ಕೆಟ್‌ಬಾಲ್ ಆಟಗಾರರೆಂದೇ ಹೆಸರಾಗಿದ್ದರು. ಆ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಆಗ ಅದೇ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ವೈದ್ಯಪದವಿಯನ್ನೂ ಅಲ್ಲಿಯೇ ಪಡೆದ ಹ್ಯಾರಿಂಗ್ಟನ್, ಎರಡನೇ ಮಹಾಯುದ್ಧದಲ್ಲಿ ಸೇನಾ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. ಯುದ್ಧ ಮುಗಿದ ನಂತರ ಹ್ಯೂಸ್ಟನ್‌ನಲ್ಲಿ ನೆಲೆಸಿದರು.

ಬೆನ್ನುಮೂಳೆಯ ಬೆಸುಗೆ ಆಗ ಹೊಸದೇನೂ ಆಗಿರಲಿಲ್ಲ. ಕಶೇರುಗಳ ನಡುವೆ ಮೂಳೆಯ ಚೂರುಗಳನ್ನಿಟ್ಟು ಅವು ಒಂದಾಗಿ ಕೂಡಿಕೊಳ್ಳುವಂತೆ ಮಾಡುವ ವಿಧಾನವನ್ನು ನ್ಯೂಯಾರ್ಕ್‌ನ ರಸೆಲ್ ಹಿಬ್ಸ್ 1911ರಲ್ಲಿಯೇ ಪ್ರಕಟಿಸಿದ್ದರು. ಆದರೆ ಮೂಳೆ ಕೂಡಿಕೊಳ್ಳುವವರೆಗೆ ಬೆನ್ನನ್ನು ಅಲುಗದಂತೆ ಹಿಡಿದಿಡಲು ಮೈಸುತ್ತ ಪ್ಲಾಸ್ಟರ್ ಕವಚವೊಂದೇ ದಾರಿ. ರೋಗಿ ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿರಬೇಕಾಗಿತ್ತು. ಪೋಲಿಯೊದಿಂದ ಉಸಿರಾಟದ ಸ್ನಾಯುಗಳೇ ದುರ್ಬಲಗೊಂಡ ಮಗುವಿನ ಎದೆಯನ್ನು ಬಿಗಿಯುವ ಕವಚ ಅದರ ಉಸಿರಿಗೇ ಕುತ್ತು ತರುವಂತಿತ್ತು. ಹೊರಗಿನಿಂದ ಹಿಡಿಯಲು ಆಗದಿದ್ದರೆ ಒಳಗಿನಿಂದ ಹಿಡಿಯಬೇಕೆಂಬ ಯೋಚನೆ ಮೂಡಿದ್ದು ಈ ಇಕ್ಕಟ್ಟಿನಿಂದಲೇ.

1947ರಲ್ಲಿ ಅವರು ಮೊದಲು ಪ್ರಯತ್ನಿಸಿದ್ದು ತಿರುಪುಮೊಳೆಗಳನ್ನು. ಬಾಗು ನೇರವಾಯಿತು, ಆದರೆ ನಿಲ್ಲಲಿಲ್ಲ. ಬಳಿಕ ಅವರು ಸ್ಟೇನ್‌ಲೆಸ್ ಸ್ಟೀಲಿನ ಸರಳು ಮತ್ತು ಕೊಕ್ಕೆಗಳತ್ತ ತಿರುಗಿದರು. ಬಾಗಿನ ಒಳಬದಿಯಲ್ಲಿ, ಮೇಲೊಂದು ಮತ್ತು ಕೆಳಗೊಂದು ಕಶೇರುವಿಗೆ ಕೊಕ್ಕೆ ಹಾಕಿ ನಡುವೆ ಸರಳನ್ನು ಕೂರಿಸುವುದು ಅವರ ಕ್ರಮ. ಸರಳಿನ ಒಂದು ತುದಿಯಲ್ಲಿ ಹಲ್ಲುಹಲ್ಲಾಗಿ ಕಚ್ಚುಗಳಿದ್ದವು. ಕಾರನ್ನು ಎತ್ತುವ ಜಾಕಿನಂತೆ ಕೊಕ್ಕೆಯನ್ನು ಒಂದೊಂದೇ ಕಚ್ಚು ಮೇಲಕ್ಕೆ ಸರಿಸಿದರೆ ಅದು ಮರಳಿ ಜಾರುತ್ತಿರಲಿಲ್ಲ. ಬಾಗಿನ ಹೊರಬದಿಯಲ್ಲಿ ತಿರುಪು ಮತ್ತು ನಟ್ಟುಗಳಿದ್ದ ಇನ್ನೊಂದು ಸರಳು ಕಶೇರುಗಳನ್ನು ಒತ್ತಿ ಹಿಡಿಯುತ್ತಿತ್ತು. ಎಷ್ಟು ಹಿಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಶಸ್ತ್ರಚಿಕಿತ್ಸಕರು ಮೇಜಿನ ಬಳಿಯೇ ನಿರ್ಧರಿಸಬಹುದಾಗಿತ್ತು.

ಆದರೂ ಆರಂಭದ ದಿನಗಳು ನಿರಾಸೆಯವೇ ಆಗಿದ್ದವು. ಸರಳುಗಳು ಮುರಿದವು, ಕೊಕ್ಕೆಗಳು ಕಳಚಿದವು, ಬೆನ್ನು ಮತ್ತೆ ಬಾಗಿತು. ಹ್ಯಾರಿಂಗ್ಟನ್ ವಿನ್ಯಾಸವನ್ನು ಮತ್ತೆ ಮತ್ತೆ ತಿದ್ದಿದರು. ಅದಕ್ಕಿಂತಲೂ ಮುಖ್ಯವಾಗಿ, ತಮ್ಮ ಮೂಲ ನಂಬಿಕೆಯನ್ನೇ ತಿದ್ದಿಕೊಂಡರು. ಬೆಸುಗೆಯಿಲ್ಲದೆ ಬರಿಯ ಲೋಹದಿಂದಲೇ ಬೆನ್ನನ್ನು ನೆಟ್ಟಗೆ ನಿಲ್ಲಿಸಬಹುದೆಂದು ಅವರು ಮೊದಲು ಭಾವಿಸಿದ್ದರು. ರೋಗಿ ಪ್ರತಿಸಲ ಬಾಗಿ ಏಳುವಾಗಲೂ ಲೋಹ ಒಂದಿಷ್ಟು ದಣಿಯುತ್ತದೆ, ಎಂದಾದರೊಂದು ದಿನ ಮುರಿಯುತ್ತದೆ. ಅದು ಮುರಿಯುವ ಮೊದಲೇ ಮೂಳೆ ಕೂಡಿಕೊಂಡಿರಬೇಕು. ಈ ಸತ್ಯವನ್ನು ಒಪ್ಪಿದ ಮೇಲೆ ಸರಳು ಮತ್ತು ಬೆಸುಗೆ ಜೊತೆಯಾದವು. ಸರಳು ತಾತ್ಕಾಲಿಕ ಆಸರೆಯಾಯಿತು, ಶಾಶ್ವತ ಬಲ ಮೂಳೆಯದೇ ಆಯಿತು.

1962ರಲ್ಲಿ ಮೂಳೆತಜ್ಞರ ಪ್ರಮುಖ ನಿಯತಕಾಲಿಕದಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಅಷ್ಟರಲ್ಲಿ ಕಾಲ ಬದಲಾಗಿತ್ತು. 1952ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಸುಮಾರು 58 ಸಾವಿರ ಜನರನ್ನು ಕಾಡಿದ್ದ ಪೋಲಿಯೊ, 1955ರಲ್ಲಿ ಜೋನಾಸ್ ಸಾಲ್ಕ್ ಅವರ ಲಸಿಕೆ ಬಳಕೆಗೆ ಬಂದ ಮೇಲೆ ಹಿಮ್ಮೆಟ್ಟಿತ್ತು. ಪೋಲಿಯೊ ಮಕ್ಕಳಿಗೆಂದು ಹುಟ್ಟಿದ ಸಲಕರಣೆ, ಕಾರಣ ತಿಳಿಯದೆ ಬೆನ್ನು ಬಾಗುವ ಹದಿಹರೆಯದವರಿಗೆ, ಅದರಲ್ಲೂ ಹುಡುಗಿಯರಿಗೆ ವರವಾಯಿತು. ಮುಂದಿನ ಎರಡು ದಶಕಗಳ ಕಾಲ ಅದೇ ಜಗತ್ತಿನ ಪ್ರಮುಖ ವಿಧಾನವಾಗಿತ್ತು. 1966ರಲ್ಲಿ ಸ್ಕೋಲಿಯೋಸಿಸ್ ಸಂಶೋಧನಾ ಸಂಘ ಸ್ಥಾಪನೆಯಾದಾಗ ಹ್ಯಾರಿಂಗ್ಟನ್ ಅದರ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದರು.

ಆ ಸರಳಿಗೂ ಮಿತಿಗಳಿದ್ದವು. ಅದು ಬೆನ್ನನ್ನು ಎರಡೇ ಕಡೆ ಹಿಡಿದು ಹಿಗ್ಗಿಸುತ್ತಿದ್ದುದರಿಂದ ಸೊಂಟದ ಸಹಜ ಬಳುಕು ಅಳಿಯುವ ಸಂಭವವಿತ್ತು. ಬೆಸುಗೆ ಸೊಂಟದ ಕೆಳಭಾಗದವರೆಗೆ ಇಳಿದಿದ್ದ ಕೆಲವರು ವರ್ಷಗಳ ನಂತರ ನೋವಿನಿಂದ ಬಳಲಿದರು, ನೆಟ್ಟಗೆ ನಿಲ್ಲಲಾರದೆ ಮುಂದಕ್ಕೆ ಬಾಗಿ ನಡೆಯುವಂತಾಯಿತು. 1980ರಲ್ಲಿ ಹ್ಯಾರಿಂಗ್ಟನ್ ತೀರಿಕೊಂಡರು. 1984ರಲ್ಲಿ ಫ್ರಾನ್ಸಿನ ಕೊತ್ರೆಲ್ ಮತ್ತು ದ್ಯುಬುಸೆ, ಬೆನ್ನನ್ನು ಹಲವು ಕಡೆ ಹಿಡಿಯುವ ವಿಧಾನವನ್ನು ಮುಂದಿಟ್ಟರು. ಕ್ರಮೇಣ ಹಳೆಯ ಸರಳು ಬಳಕೆಯಿಂದ ಮರೆಯಾಯಿತು.

ಆದರೆ ಅದರ ಹಿಂದಿನ ಆಲೋಚನೆ ಉಳಿಯಿತು. ಇನ್ನೂ ಬೆಳೆಯುತ್ತಿರುವ ಚಿಕ್ಕ ಮಕ್ಕಳಿಗೆ ಬೆಸುಗೆ ಮಾಡದೆ ಸರಳನ್ನಷ್ಟೇ ಅಳವಡಿಸುವ ಪ್ರಯತ್ನವನ್ನೂ ಹ್ಯಾರಿಂಗ್ಟನ್ ಮಾಡಿದ್ದರು. ಹೊರಗಿನಿಂದ ಆಯಸ್ಕಾಂತ ಹಿಡಿದು, ಮತ್ತೆ ಕತ್ತರಿ ಹಾಕದೆಯೇ ಹಿಗ್ಗಿಸಬಲ್ಲ ಸರಳಿನ ಬಗ್ಗೆ ಹಾಂಗ್‌ಕಾಂಗ್ ವೈದ್ಯರು 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಮಗು ಬೆಳೆದಂತೆ ಸರಳೂ ಬೆಳೆಯಬೇಕೆಂಬ ಆಸೆಯ ಬೇರು ಹ್ಯೂಸ್ಟನ್‌ನ ಆ ಪೋಲಿಯೊ ವಾರ್ಡಿನಲ್ಲಿದೆ.