ಜಾನ್ ಫಾದರ್‌ಗಿಲ್

ಜಾನ್ ಫಾದರ್‌ಗಿಲ್ (೮ ಮಾರ್ಚ್ ೧೭೧೨ – ೨೬ ಡಿಸೆಂಬರ್ ೧೭೮೦) ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹೆಸರಾಂತ ವೈದ್ಯರು, ಸಸ್ಯಪ್ರೇಮಿ ಹಾಗೂ ಶಿಕ್ಷಣ ಪೋಷಕರು. ಹಲ್ಲುನೋವಿನಂತೆ ತೋರಿದರೂ ಹಲ್ಲಿನಿಂದ ಹುಟ್ಟದ ತೀವ್ರ ಮುಖಶೂಲೆಯ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಇವರು ಪ್ರಮುಖರು. ಇಂದು ಟ್ರೈಜೆಮಿನಲ್ ನರಶೂಲೆ ಎಂದು ಕರೆಯಲಾಗುವ ಈ ಬೇನೆಗೆ ಫಾದರ್‌ಗಿಲ್ ಕಾಯಿಲೆ ಎಂಬ ಹೆಸರೂ ಉಂಟು.

ಜನನ ಮತ್ತು ಶಿಕ್ಷಣ

ಫಾದರ್‌ಗಿಲ್ ಅವರು ಯಾರ್ಕ್‌ಷೈರಿನ ವೆನ್ಸ್‌ಲಿಡೇಲ್ ಕಣಿವೆಯ ಕಾರ್ ಎಂಡ್ ಎಂಬಲ್ಲಿ ಕ್ವೇಕರ್ ಪಂಥದ ಕುಟುಂಬದಲ್ಲಿ ಜನಿಸಿದರು. ಮೊದಲು ಔಷಧ ತಯಾರಕರೊಬ್ಬರ ಬಳಿ ಕೆಲಸ ಕಲಿತರು. ಆಂಗ್ಲಿಕನ್ ಚರ್ಚಿಗೆ ಸೇರದವರಿಗೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ಪದವಿ ದೊರೆಯುತ್ತಿರಲಿಲ್ಲ. ಇವರು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಓದಿ ೧೭೩೬ರಲ್ಲಿ ವೈದ್ಯ ಪದವಿ ಪಡೆದರು.

ವೈದ್ಯವೃತ್ತಿ

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅನುಭವ ಗಳಿಸಿದ ನಂತರ ಇವರು ಅದೇ ನಗರದಲ್ಲಿ ವೃತ್ತಿ ಆರಂಭಿಸಿದರು. ಹುಣ್ಣಿನೊಡನೆ ಬರುವ ಗಂಟಲುಬೇನೆಯನ್ನು ಕುರಿತು ೧೭೪೮ರಲ್ಲಿ ಪ್ರಕಟಿಸಿದ ಗ್ರಂಥ ಇವರಿಗೆ ಖ್ಯಾತಿ ತಂದಿತು. ರಕ್ತ ತೆಗೆಯುವುದು ಮತ್ತು ಭೇದಿ ಮಾಡಿಸುವುದು ಅಂದಿನ ರೂಢಿಯ ಚಿಕಿತ್ಸೆಗಳು. ಈ ರೋಗದಲ್ಲಿ ಅವು ರೋಗಿಯನ್ನು ಮತ್ತಷ್ಟು ನಿತ್ರಾಣಗೊಳಿಸುತ್ತವೆ ಎಂಬುದು ಇವರ ನಿಲುವಾಗಿತ್ತು. ೧೭೬೩ರಲ್ಲಿ ಇವರು ರಾಯಲ್ ಸೊಸೈಟಿಯ ಸದಸ್ಯರಾದರು.

ಮುಖಶೂಲೆಯ ವಿವರಣೆ

ಒಂದು ಬಗೆಯ ಯಾತನಾಮಯ ಮುಖಬೇನೆಯನ್ನು ಕುರಿತ ಪ್ರಬಂಧವನ್ನು ಫಾದರ್‌ಗಿಲ್ ೧೭೭೩ರಲ್ಲಿ ಲಂಡನ್ನಿನ ವೈದ್ಯರ ಮುಂದೆ ಮಂಡಿಸಿದರು. ಇದಕ್ಕೂ ಮೊದಲು, ೧೬೭೭ರಲ್ಲಿ, ತತ್ತ್ವಜ್ಞಾನಿ ಹಾಗೂ ವೈದ್ಯ ಜಾನ್ ಲಾಕ್ ಪ್ಯಾರಿಸಿನಲ್ಲಿ ಇಂಗ್ಲಿಷ್ ರಾಯಭಾರಿಯ ಪತ್ನಿಯಲ್ಲಿ ಇಂಥ ಬೇನೆಯನ್ನು ಕಂಡಿದ್ದರು. ೧೭೫೬ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರೆ ಇದಕ್ಕೆ ಒಂದು ಹೆಸರನ್ನೂ ಕೊಟ್ಟಿದ್ದರು. ಆದರೆ ರೋಗಿಯನ್ನು ಕಂಡೊಡನೆ ಗುರುತಿಸಬಹುದಾದಷ್ಟು ನಿಖರವಾದ ಚಿತ್ರಣ ಫಾದರ್‌ಗಿಲ್ ಅವರದು.

ಅವರು ದಾಖಲಿಸಿದ ಮುಖ್ಯ ಲಕ್ಷಣಗಳು ಹೀಗಿವೆ. ನೋವು ಹಠಾತ್ತನೆ ಬಂದು, ಕಾಲು ಅಥವಾ ಅರ್ಧ ನಿಮಿಷದಲ್ಲಿ ನಿಂತು, ಅನಿಯತ ಅಂತರದಲ್ಲಿ ಮರುಕಳಿಸುತ್ತದೆ. ಊಟ ಮಾಡುವುದು, ಮಾತನಾಡುವುದು, ಕರವಸ್ತ್ರ ಮೃದುವಾಗಿ ತಾಗುವುದು ಇಷ್ಟರಿಂದಲೇ ಅದು ಕೆರಳಬಹುದು. ಆದರೆ ಅದೇ ಜಾಗವನ್ನು ಬಲವಾಗಿ ಒತ್ತಿದರೆ ಏನೂ ಆಗದು. ಇದು ವಯಸ್ಸಾದವರಲ್ಲಿ, ಅದರಲ್ಲೂ ಸ್ತ್ರೀಯರಲ್ಲಿ, ಹೆಚ್ಚು.

ಹುಳುಕು ಹಲ್ಲಿನ ನೋವು ಸಾಮಾನ್ಯವಾಗಿ ಹೀಗೆ ವರ್ತಿಸುವುದಿಲ್ಲ. ಅದು ಬಹಳ ಹೊತ್ತು ಮಿಡಿಯುತ್ತದೆ. ಬಿಸಿ ಅಥವಾ ತಣ್ಣನೆಯ ಪದಾರ್ಥದಿಂದ, ಹಲ್ಲನ್ನು ತಟ್ಟಿದಾಗ ಹೆಚ್ಚುತ್ತದೆ. ಈ ಭೇದ ತಿಳಿಯದಿದ್ದರೆ ಆರೋಗ್ಯವಾದ ಹಲ್ಲುಗಳನ್ನು ಒಂದಾದ ಮೇಲೊಂದು ಕೀಳಿಸಿಕೊಂಡರೂ ನೋವು ಉಳಿಯುತ್ತದೆ. ಈ ಅಪಾಯ ಇಂದಿಗೂ ತಪ್ಪಿಲ್ಲ.

ಕಾರಣದ ಊಹೆ

ಲಕ್ಷಣಗಳನ್ನು ಸರಿಯಾಗಿ ಗ್ರಹಿಸಿದ ಫಾದರ್‌ಗಿಲ್ ಕಾರಣದ ವಿಷಯದಲ್ಲಿ ಎಡವಿದರು. ಇದು ಕ್ಯಾನ್ಸರಿಗೆ ಸಂಬಂಧಿಸಿದ್ದೆಂದು ಶಂಕಿಸಿ, ಹೆಮ್ಲಾಕ್ ಎಂಬ ವಿಷಸಸ್ಯದ ಸತ್ತ್ವವನ್ನು ಔಷಧವಾಗಿ ಕೊಟ್ಟರು. ಮುಖದ ಸ್ಪರ್ಶಜ್ಞಾನಕ್ಕೂ ಚಲನೆಗೂ ಬೇರೆ ಬೇರೆ ನರಗಳಿವೆ ಎಂಬುದು ಚಾರ್ಲ್ಸ್ ಬೆಲ್ ಮುಂತಾದವರ ಸಂಶೋಧನೆಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪಷ್ಟವಾಯಿತು. ಮೆದುಳಿನ ಬುಡದಲ್ಲಿ ರಕ್ತನಾಳವೊಂದು ಟ್ರೈಜೆಮಿನಲ್ ನರವನ್ನು ಒತ್ತುವುದು ಈ ಶೂಲೆಗೆ ಸಾಮಾನ್ಯ ಕಾರಣವೆಂದು ಈಗ ತಿಳಿದಿದೆ. ಇಂದು ಹಲ್ಲುಗಳ ತಪಾಸಣೆಯ ನಂತರ ಎಂಆರ್‌ಐ ಚಿತ್ರಣದಿಂದ ಇತರ ಕಾರಣಗಳನ್ನೂ ಪರಿಶೀಲಿಸುತ್ತಾರೆ. ಆದರೂ ರೋಗನಿರ್ಣಯದ ಮುಖ್ಯ ಆಧಾರ ರೋಗಿಯು ಹೇಳುವ ವಿವರವೇ.

ಇತರ ಕಾರ್ಯಗಳು

ಎಸೆಕ್ಸ್‌ನ ಅಪ್ಟನ್‌ನಲ್ಲಿ ಇವರು ಬೆಳೆಸಿದ ಸಸ್ಯೋದ್ಯಾನ ಯೂರೋಪಿನಲ್ಲೇ ಪ್ರಸಿದ್ಧವಾಗಿತ್ತು. ಆ ಸ್ಥಳ ಈಗ ಲಂಡನ್ನಿನ ವೆಸ್ಟ್ ಹ್ಯಾಮ್ ಉದ್ಯಾನವಾಗಿದೆ. ಫಾದರ್‌ಗಿಲ್ಲಾ ಎಂಬ ಸಸ್ಯಕುಲಕ್ಕೆ ಇವರ ಹೆಸರನ್ನಿಡಲಾಗಿದೆ. ಅಮೆರಿಕದ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್ ಅವರ ಪ್ರವಾಸಕ್ಕೆ ಧನಸಹಾಯ ನೀಡಿದರು. ಅಮೆರಿಕದ ವಸಾಹತುಗಳೊಡನೆ ಯುದ್ಧವನ್ನು ತಪ್ಪಿಸಲು ಬೆಂಜಮಿನ್ ಫ್ರಾಂಕ್ಲಿನ್ ಅವರೊಂದಿಗೆ ನಡೆಸಿದ ಮಾತುಕತೆ ಫಲಿಸಲಿಲ್ಲ. ಸ್ಥಿತಿವಂತರಲ್ಲದ ಕ್ವೇಕರ್ ಕುಟುಂಬಗಳ ಮಕ್ಕಳಿಗಾಗಿ ೧೭೭೯ರಲ್ಲಿ ಆಕ್‌ವರ್ತ್ ಶಾಲೆಯನ್ನು ಸ್ಥಾಪಿಸುವಲ್ಲಿ ಮುಂದಾಳತ್ವ ವಹಿಸಿದರು.

ನಿಧನ

ಅವಿವಾಹಿತರಾಗಿಯೇ ಉಳಿದ ಫಾದರ್‌ಗಿಲ್ ೧೭೮೦ರಲ್ಲಿ ಲಂಡನ್ನಿನಲ್ಲಿ ನಿಧನರಾದರು. ಅವರ ಸಮಾಧಿ ವಿಂಚ್‌ಮೋರ್ ಹಿಲ್‌ನ ಕ್ವೇಕರ್ ಸ್ಮಶಾನದಲ್ಲಿದೆ. ಅವರ ಬರಹಗಳನ್ನು ಶಿಷ್ಯರಾದ ಜಾನ್ ಕೋಕ್ಲಿ ಲೆಟ್ಸಮ್ ಸಂಪಾದಿಸಿ ಪ್ರಕಟಿಸಿದರು.