ಬೆಳದಿಂಗಳನ್ನು ಬಣ್ಣದಲ್ಲಿ ಹಿಡಿದ ಅರ್ಖಿಪ್ ಕುಯಿಂಜಿ

ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿಯುವ ಕಾಗಿಣಾ ನದಿಯ ದಂಡೆಯ ಮೇಲೆ ಹುಣ್ಣಿಮೆಯ ರಾತ್ರಿ ಒಮ್ಮೆಯಾದರೂ ನಿಂತವರಿಗೆ ಬೆಳದಿಂಗಳ ವಿಷಯವಾಗಿ ಪಂಡಿತನು ಹೇಳಿಕೊಡಬೇಕಾದುದೇನೂ ಇಲ್ಲ. ಹಗಲೆಲ್ಲ ಕಾದು ಕಾಲಿಡಗೊಡದ ಫರ್ಸಿಗಲ್ಲಿನ ಅಂಗಳವು ಆ ಹೊತ್ತಿನಲ್ಲಿ ನೀರು ನಿಂತ ಮಡುವಿನಂತೆ ತೋರುವುದನ್ನು ಸೇಡಂ, ಚಿತ್ತಾಪುರ, ಶಹಾಬಾದು ಸೀಮೆಯ ಮಕ್ಕಳೂ ಬಲ್ಲರು. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದ ನಮ್ಮ ಲಾಕ್ಷಣಿಕರು ಚಂದ್ರೋದಯವನ್ನು ಅವುಗಳಲ್ಲಿ ಒಂದೆಂದು ಎಣಿಸಿದರು. ಕ್ಷೀರಸಾಗರ, ಕರ್ಪೂರ, ಅರಳಿದ ನೈದಿಲೆ, ಚಕೋರಪಕ್ಷಿ ಎಂದು ಕವಿಯಾದವನು ನಾಲ್ಕು ಉಪಮಾನಗಳನ್ನು ಕೂಡಿಸಿದರೆ ಓದುಗನ ಮನಸ್ಸಿನಲ್ಲಿ ಚಂದ್ರಿಕೆ ತಾನಾಗಿ ಹರಡಿಕೊಳ್ಳುತ್ತದೆ. ಚಿತ್ರಕಾರನ ಪಾಡು ಹಾಗಲ್ಲ. ಅವನ ಕೈಯಲ್ಲಿರುವುದು ಎಣ್ಣೆಯಲ್ಲಿ ಅರೆದ ಮಣ್ಣು ಮತ್ತು ಲೋಹದ ಪುಡಿ. ಅದು ತಾನು ಬೆಳಗುವ ವಸ್ತುವಲ್ಲ, ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುವ ವಸ್ತು. ಇಂಥ ಜಡದ್ರವ್ಯದಿಂದ ಬೆಳಗುವ ಚಂದ್ರನನ್ನು ಮಾಡಿ ತೋರಿಸಬೇಕೆಂದು ಹಟ ತೊಟ್ಟು, ಅದನ್ನು ಸಾಧಿಸಿಯೂ, ಸಾಧಿಸಿದುದು ತನ್ನ ಕಣ್ಣೆದುರಿಗೇ ಮಾಸತೊಡಗಿದುದನ್ನು ಕಂಡ ಒಬ್ಬ ಮಹನೀಯನ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದಿಡಲು ಅಪೇಕ್ಷಿಸುತ್ತೇನೆ. ಆತನ ಹೆಸರು ಅರ್ಖಿಪ್ ಇವಾನೊವಿಚ್ ಕುಯಿಂಜಿ.

ದೂರದ ರಷ್ಯಾ ದೇಶದ ಚಿತ್ರಕಾರನಿಗೂ ನಮಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಹೋದವರು ಅಲ್ಲಿ ರೋರಿಚ್ ಎಂಬ ತಂದೆಮಕ್ಕಳ ಚಿತ್ರಗಳನ್ನು ಕಂಡಿರಬೇಕು. ಮಗನಾದ ಸ್ವೆತೊಸ್ಲಾವ್ ರೋರಿಚ್ ಅವರು ಚಿತ್ರನಟಿ ದೇವಿಕಾರಾಣಿಯವರನ್ನು ವರಿಸಿ, ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ನೆಲೆಸಿ, 1993ರಲ್ಲಿ ಅಲ್ಲಿಯವರೇ ಆಗಿ ತೀರಿಕೊಂಡರು. ಹಿಮಾಲಯದ ಶಿಖರಗಳನ್ನು ಚಿತ್ರಿಸಿ ಜಗತ್ಪ್ರಸಿದ್ಧರಾದ ತಂದೆ ನಿಕೊಲಾಯ್ ರೋರಿಚ್ ಅವರಿಗೆ ಕುಂಚ ಹಿಡಿಯುವುದನ್ನಷ್ಟೇ ಅಲ್ಲದೆ ನೋಡುವುದನ್ನೂ ಕಲಿಸಿದ ಗುರುವೇ ಕುಯಿಂಜಿ. ಆ ಭಿತ್ತಿಗಳ ಮೇಲಿನ ನೀಲಿ ಹಿಮವನ್ನು ನಾನು ಮೊದಲು ಕಂಡಾಗ ಆ ಬಣ್ಣ ಎಲ್ಲಿಂದ ಬಂದಿತೆಂದು ಬಹಳ ಹೊತ್ತು ನಿಂತು ಯೋಚಿಸಿದ್ದುಂಟು. ಶಿಷ್ಯನ ಜಾಡು ಹಿಡಿದು ಗುರುವಿನ ಮನೆ ಸೇರಿದ್ದು ಆಮೇಲೆ.

ಕುಯಿಂಜಿಯ ಜನ್ಮಸ್ಥಳ ಅಜೋವ್ ಸಮುದ್ರದ ತೀರದ ಮರಿಯುಪೋಲ್ ಪಟ್ಟಣ. ಜನ್ಮವರ್ಷವನ್ನು 1841 ಎಂದೂ 1842 ಎಂದೂ ಬರೆಯುವುದುಂಟು. ಬಡವರ ಮಕ್ಕಳ ಜಾತಕವನ್ನು ಜೋಪಾನ ಮಾಡುವವರಾರು? ವಂಶ ಗ್ರೀಕರದು. ತಂದೆ ಪಾದರಕ್ಷೆ ಹೊಲಿಯುವ ಕಾಯಕದವನು. ಕುಯಿಂಜಿ ಎಂಬ ಅಡ್ಡಹೆಸರಿಗೆ ತಾತಾರರ ಮಾತಿನಲ್ಲಿ ಅಕ್ಕಸಾಲಿಗನೆಂದು ಅರ್ಥ. ಎಳವೆಯಲ್ಲಿಯೇ ತಾಯಿತಂದೆಯರನ್ನು ಕಳೆದುಕೊಂಡ ಹುಡುಗ ಬಂಧುಗಳ ಆಸರೆಯಲ್ಲಿ ಬೆಳೆದು, ಬಾತುಗಳನ್ನು ಕಾದು, ಇಗರ್ಜಿ ಕಟ್ಟುವ ಗುತ್ತಿಗೆದಾರನಲ್ಲಿ ಇಟ್ಟಿಗೆಯ ಲೆಕ್ಕ ಬರೆದು ಹೊಟ್ಟೆ ಹೊರೆದನು. ಶಾಲೆಯ ಓದು ಹೇಳಿಕೊಳ್ಳುವಷ್ಟು ಆಗಲಿಲ್ಲ. ಸಿಕ್ಕ ಗೋಡೆ, ಸಿಕ್ಕ ಕಾಗದಗಳೆಲ್ಲ ಅವನ ಚಿತ್ರಗಳಿಂದ ತುಂಬಿದುವು.

ಕ್ರಿಮಿಯಾದ ಫಿಯೊದೋಸಿಯಾದಲ್ಲಿ ಐವಜೋವ್‌ಸ್ಕಿ ಎಂಬ ಮಹಾಚಿತ್ರಕಾರನಿದ್ದನು. ಸಮುದ್ರವನ್ನೂ ಅದರ ಮೇಲಿನ ಚಂದ್ರನನ್ನೂ ಬರೆಯುವುದರಲ್ಲಿ ಆಗ ಅವನಿಗೆ ಎಣೆಯಿರಲಿಲ್ಲ. ಹದಿಹರೆಯದ ಕುಯಿಂಜಿ ಶಿಷ್ಯತ್ವ ಬೇಡಿ 1855ರಲ್ಲಿ ಅವನಲ್ಲಿಗೆ ಕಾಲ್ನಡಿಗೆಯಲ್ಲಿ ಹೋದನಂತೆ. ಅಲ್ಲಿ ದೊರೆತದ್ದು ಬಣ್ಣ ಅರೆಯುವ ಕೆಲಸ, ಬೇಲಿಗೆ ಬಣ್ಣ ಬಳಿಯುವ ಕೆಲಸ. ಇದನ್ನು ಅವಮಾನವೆಂದು ಬರೆಯುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಬಣ್ಣ ಅರೆದವನಿಗೇ ಬಣ್ಣದ ಸ್ವಭಾವ ತಿಳಿಯುವುದು. ಮುಂದೆ ಛಾಯಾಚಿತ್ರದ ಅಂಗಡಿಗಳಲ್ಲಿ ಪಟಗಳನ್ನು ತಿದ್ದುತ್ತ ಐದಾರು ವರ್ಷ ಕಳೆಯಿತು. ಅದೂ ನೆಳಲು ಬೆಳಕುಗಳ ಪಾಠವೇ ಅಲ್ಲವೆ?

ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು ಕಲಾ ಅಕಾಡೆಮಿಯ ಪ್ರವೇಶ ಪರೀಕ್ಷೆಗೆ ಕುಳಿತು ಎರಡು ಸಲ ಅನುತ್ತೀರ್ಣನಾದನು. 1868ರಲ್ಲಿ ಅಕಾಡೆಮಿಯ ಪ್ರದರ್ಶನದಲ್ಲಿ ಅವನ ಚಿತ್ರಕ್ಕೆ ಮನ್ನಣೆ ಸಿಕ್ಕಿತು. ಮರುವರ್ಷ ಸಂತ ಐಸಾಕನ ದೇವಾಲಯವನ್ನು ಬೆಳದಿಂಗಳಲ್ಲಿ ಚಿತ್ರಿಸಿದನು. 1876ರಲ್ಲಿ ಉಕ್ರೇನಿನ ಹಳ್ಳಿಯ ಬಿಳಿಗೋಡೆಯ ಗುಡಿಸಲುಗಳ ಮೇಲೆ ಬಿದ್ದ ಬೆಳದಿಂಗಳನ್ನು ಬರೆದಾಗ ಜನ ಬೆರಗಾದರು. ಮಾಸ್ಕೋದ ಕಲಾಸಂಗ್ರಾಹಕ ತ್ರೆತ್ಯಾಕೋವ್ ಅದನ್ನು ಕೊಂಡನು. ಇಷ್ಟಾಗಿಯೂ ಕುಯಿಂಜಿಗೆ ತೃಪ್ತಿಯಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಬೆಳದಿಂಗಳನ್ನು ಬರೆಯುವ ಕಷ್ಟವನ್ನು ವಿಚಾರಿಸಬೇಕು. ನಮ್ಮ ತರಗತಿಯ ಹುಡುಗರಿಗೆ ಬೆಳದಿಂಗಳ ರಾತ್ರಿಯನ್ನು ಬರೆಯಿರೆಂದರೆ ಹಾಳೆಗೆಲ್ಲ ನೀಲಿ ಬಳಿದು ನಡುವೆ ಬಿಳಿಯ ಉಂಡೆಯೊಂದನ್ನು ಇಡುತ್ತಾರೆ. ಅದು ಚಂದ್ರನ ಗುರುತಾಗುತ್ತದೆಯೇ ಹೊರತು ಚಂದ್ರನ ಬೆಳಕಾಗುವುದಿಲ್ಲ. ಪೂರ್ಣಚಂದ್ರನ ಬೆಳಕು ಸೂರ್ಯನ ಬೆಳಕಿಗಿಂತ ಸುಮಾರು 4 ಲಕ್ಷ ಪಟ್ಟು ಮಂದವೆಂದು ಜ್ಯೋತಿರ್ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆ ಮಂದ ಬೆಳಕಿನಲ್ಲಿ ಕೆಂಪು ಮೊದಲು ಕಣ್ಣಿಗೆ ಕಪ್ಪಾಗುತ್ತದೆ, ನೀಲಿ ಹಸಿರುಗಳ ಸುಳಿವು ಮಾತ್ರ ಉಳಿಯುತ್ತದೆ. ಇನ್ನು ಚಿತ್ರಕಾರನ ಬಳಿ ಇರುವ ಅತ್ಯಂತ ಬಿಳಿಯ ಬಣ್ಣವೂ ಅತ್ಯಂತ ಕಪ್ಪಿಗಿಂತ ಕೆಲವು ಹತ್ತು ಪಟ್ಟು ಮಾತ್ರ ಹೊಳಪುಳ್ಳದ್ದು. ಹೀಗಿರುವಾಗ ಬೆಳಕನ್ನು ಹೆಚ್ಚಿಸುವ ದಾರಿ ಇಲ್ಲ. ಕತ್ತಲೆಯನ್ನು ಸಂಸ್ಕರಿಸುವ ದಾರಿಯೊಂದೇ ಉಳಿಯುತ್ತದೆ.

ಕುಯಿಂಜಿ ಹಿಡಿದದ್ದು ಆ ದಾರಿಯನ್ನು. ನೀಪರ್ ನದಿಯ ಮೇಲಿನ ಬೆಳದಿಂಗಳ ರಾತ್ರಿಯೆಂಬ ಚಿತ್ರ 105 ಸೆಂಟಿಮೀಟರ್ ಎತ್ತರ, 144 ಸೆಂಟಿಮೀಟರ್ ಅಗಲದ ಪಟ. ಗಾತ್ರದಲ್ಲಿ ದೊಡ್ಡದೇನಲ್ಲ. ಅದರಲ್ಲಿ ದಿಗಂತವನ್ನು ಬಹಳ ಕೆಳಗಿಳಿಸಿ, ಪಟದ ಬಹುಭಾಗವನ್ನು ಆಕಾಶಕ್ಕೇ ಬಿಟ್ಟುಕೊಟ್ಟನು. ಮರ, ಗಿಡ, ಗುಡಿಸಲುಗಳ ವಿವರಗಳನ್ನೆಲ್ಲ ಅಳಿಸಿ ನೆಲವನ್ನು ವಿಶಾಲವಾದ ಒಂದು ಕತ್ತಲೆಯ ರಾಶಿಯನ್ನಾಗಿ ಮಾಡಿದನು. ಆ ಕತ್ತಲೆ ಬರಿಯ ಕಪ್ಪಲ್ಲ. ಅದರಲ್ಲಿ ಕಂದು ಕೆಂಪುಗಳ ಬಿಸುಪಿದೆ. ಅದರೆದುರಿಗೆ ಚಂದ್ರನಿಗೂ ನದಿಯ ನೀರಿಗೂ ಹಸಿರು ಬೆರೆತ ತಣ್ಣನೆಯ ಬೆಳ್ಳಿಬಣ್ಣ. ಬಿಸಿಯ ಪಕ್ಕದಲ್ಲಿ ತಣ್ಣನೆಯದನ್ನು ಇಟ್ಟಾಗ ಎರಡೂ ಒಂದನ್ನೊಂದು ತೀಡಿ ಹೊಳೆಯುತ್ತವೆ. ದಡದ ಗುಡಿಸಲ ಕಿಟಕಿಯಲ್ಲಿ ದೀಪದ ಕೆಂಪು ಚುಕ್ಕೆಯೊಂದಿದೆ. ಅದನ್ನು ಬೆರಳಿನಿಂದ ಮುಚ್ಚಿ ನೋಡಿದರೆ, ಅಚ್ಚಿನ ಪ್ರತಿಯಲ್ಲಿ ಸಹ, ಚಂದ್ರನ ತಂಪು ಅರೆಪಾಲು ಇಳಿದುಹೋಗುತ್ತದೆ. ಕತ್ತಲೆಯ ಭಾಗದಲ್ಲಿ ಬಣ್ಣ ನಯವಾಗಿ ಹರಡಿದೆ. ಚಂದ್ರಬಿಂಬದಲ್ಲಿಯೂ ನೀರಿನ ಹೊಳಪಿನಲ್ಲಿಯೂ ಮಾತ್ರ ಅದು ದಪ್ಪವಾಗಿ, ಕೈಗೆ ತಡವುವಂತೆ ಎದ್ದು ನಿಂತಿದೆ. ಆ ಏರುತಗ್ಗುಗಳು ಕೋಣೆಯ ಬೆಳಕನ್ನು ಹಿಡಿದು ಚೆಲ್ಲುತ್ತವೆ.

ಇದೆಲ್ಲ ಕೇವಲ ಪ್ರತಿಭೆಯ ಫಲವಾಗಿರಲಿಲ್ಲ. ಶಾಲೆ ಕಾಣದ ಈ ಮನುಷ್ಯ ವಿಜ್ಞಾನಿಗಳ ಗೋಷ್ಠಿಯಲ್ಲಿ ಹೋಗಿ ಕುಳಿತನು. ನಮ್ಮ ವಿದ್ಯಾರ್ಥಿಗಳು ಮೂಲವಸ್ತುಗಳ ಕೋಷ್ಟಕದಿಂದ ಬಲ್ಲ ಮೆಂಡೆಲೀವ್ ಅವನ ಆಪ್ತಮಿತ್ರನು. ಬಣ್ಣಗಳ ಭೌತಶಾಸ್ತ್ರವನ್ನು ಅಭ್ಯಸಿಸುತ್ತಿದ್ದ ಪ್ರಾಧ್ಯಾಪಕ ಪೆತ್ರುಷೆವ್‌ಸ್ಕಿಯಿಂದಲೂ ಅವನು ಬಹಳ ಕಲಿತನು. ಬಣ್ಣದ ಸೂಕ್ಷ್ಮಭೇದಗಳನ್ನು ಕಣ್ಣು ಎಷ್ಟು ಗುರುತಿಸಬಲ್ಲದೆಂದು ಅಳೆಯುವ ಯಂತ್ರದ ಮುಂದೆ ಚಿತ್ರಕಾರರೆಲ್ಲ ಪರೀಕ್ಷೆಗೊಳಗಾದಾಗ ಕುಯಿಂಜಿಯ ಕಣ್ಣಿಗೆ ಸಾಟಿಯಾದವರು ಇರಲಿಲ್ಲವೆಂದು ಸಹಕಲಾವಿದ ರೆಪಿನ್ ಸ್ಮರಿಸಿದ್ದಾನೆ. ಅಕಾಡೆಮಿಯ ಪರೀಕ್ಷೆಯಲ್ಲಿ ಎರಡು ಸಲ ತಪ್ಪಿದ ಕಣ್ಣು ಅದು! ಪಟದಿಂದ ದೂರ ಸರಿದು, ದೀರ್ಘವಾಗಿ ದಿಟ್ಟಿಸಿ, ಬಣ್ಣವನ್ನು ಕೂಡಿಸಿ, ಒಂದು ಸಲ ಕುಂಚವನ್ನು ಮುಟ್ಟಿಸಿ ಮತ್ತೆ ದೂರ ಸರಿಯುವುದು ಅವನ ಕ್ರಮ. ಬರೆಯುವುದಕ್ಕಿಂತ ನೋಡುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

1880ರಲ್ಲಿ ಆ ಒಂದೇ ಒಂದು ಚಿತ್ರದ ಪ್ರದರ್ಶನ ರಾಜಧಾನಿಯಲ್ಲಿ ಏರ್ಪಟ್ಟಿತು. ರಷ್ಯಾದಲ್ಲಿ ಅಂಥದು ಹಿಂದೆ ನಡೆದಿರಲಿಲ್ಲ. ಕಿಟಕಿಗಳಿಗೆಲ್ಲ ಪರದೆ ಇಳಿಬಿಟ್ಟು ಕೋಣೆಯನ್ನು ಕತ್ತಲಾಗಿಸಿ, ವಿದ್ಯುದ್ದೀಪದ ಬೆಳಕನ್ನು ಪಟದ ಮೇಲೆ ಮಾತ್ರ ಬೀಳಿಸಿದ್ದನು. ಜನ ಬೀದಿಯುದ್ದಕ್ಕೂ ಸಾಲುಗಟ್ಟಿ ಕಾದರು. ಒಳಹೊಕ್ಕವರಲ್ಲಿ ಕೆಲವರು ಚಿತ್ರದ ಹಿಂದೆ ದೀಪವೇನಾದರೂ ಅಡಗಿದೆಯೆ ಎಂದು ಬಗ್ಗಿ ನೋಡಿದರಂತೆ. ಮೆಂಡೆಲೀವ್ ಈ ಚಿತ್ರವನ್ನು ಕುರಿತು ಪತ್ರಿಕೆಯಲ್ಲಿ ಲೇಖನ ಬರೆದನು. ಪ್ರದರ್ಶನಕ್ಕೆ ಮುನ್ನವೇ ರಾಜವಂಶದ ಕೊನ್‌ಸ್ತಾಂತಿನ್ ಕೊನ್‌ಸ್ತಾಂತಿನೊವಿಚ್ ಅದನ್ನು ಕೊಂಡುಬಿಟ್ಟಿದ್ದನು.

ಆದರೆ ಆ ಗದ್ದಲದ ನಡುವೆಯೇ ಒಬ್ಬನ ಮನಸ್ಸಿನಲ್ಲಿ ಅಳುಕು ಹುಟ್ಟಿತ್ತು. ಹಿರಿಯ ಚಿತ್ರಕಾರ ಕ್ರಾಮ್‌ಸ್ಕೊಯ್ ಚಿತ್ರವನ್ನು ಮನಸಾರೆ ಮೆಚ್ಚಿಯೂ, ಈ ಬಣ್ಣಗಳ ಮಿಶ್ರಣ ಬಾಳೀತೆ, ಮುಂದಿನ ತಲೆಮಾರಿನವರು ಕಪ್ಪಾದ ಪಟವನ್ನು ಕಂಡು ನಮ್ಮ ಮೆಚ್ಚುಗೆಯನ್ನೇ ಸಂದೇಹಿಸಿಯಾರೆ ಎಂದು ಕಳವಳಪಟ್ಟು ಪತ್ರ ಬರೆದನು. ಕಳವಳಕ್ಕೆ ಕಾರಣವಿತ್ತು. ಕತ್ತಲೆಗೆ ಆಳವನ್ನೂ ಬಿಸುಪನ್ನೂ ಕೊಡಲು ಕುಯಿಂಜಿ ಅಸ್ಫಾಲ್ಟಿನ ಬಣ್ಣವನ್ನು ಬಳಸಿದ್ದನು. ಡಾಂಬರಿನ ಜಾತಿಯ ಈ ದ್ರವ್ಯ ಹಚ್ಚಿದ ದಿನ ಜೇನಿನಂತೆ ಪಾರದರ್ಶಕವಾಗಿ ಹೊಳೆಯುತ್ತದೆ. ಆದರೆ ಅದು ಎಂದಿಗೂ ಪೂರ್ತಿ ಒಣಗುವುದಿಲ್ಲ; ವರ್ಷಗಳು ಕಳೆದಂತೆ ಕಪ್ಪಾಗುತ್ತದೆ, ಬಿರಿಯುತ್ತದೆ. ಮೇಲಾಗಿ ಚಿತ್ರವನ್ನು ಕೊಂಡ ರಾಜಕುಮಾರ ಅಗಲಲಾರದೆ ಅದನ್ನು ಹಡಗಿನಲ್ಲಿ ತನ್ನೊಡನೆ ಸಮುದ್ರಯಾನಕ್ಕೆ ಒಯ್ದನು. ಆಗ ಪ್ಯಾರಿಸಿನಲ್ಲಿದ್ದ ಕಾದಂಬರಿಕಾರ ತುರ್ಗೆನೆವ್ ಚಿತ್ರವನ್ನು ಅಲ್ಲಿಯೇ ಬಿಟ್ಟುಹೋಗುವಂತೆ ಮಾಡಲು ಪ್ರಯತ್ನಿಸಿ ಸೋತನು. ಉಪ್ಪುಗಾಳಿಯೂ ತೇವವೂ ತಮ್ಮ ಕೆಲಸ ಮಾಡಿದುವು. ಅತಿಯಾದ ಪ್ರೀತಿಯಿಂದಲೂ ವಸ್ತು ಕೆಡುತ್ತದೆ. ಸೇಂಟ್ ಪೀಟರ್ಸ್‌ಬರ್ಗಿನ ರಷ್ಯನ್ ಮ್ಯೂಜಿಯಮ್ಮಿನಲ್ಲಿ ಇಂದಿಗೂ ಆ ಚಿತ್ರವಿದೆ. ಚಂದ್ರನು ಇನ್ನೂ ಹೊಳೆಯುತ್ತಾನೆ. ದಡದ ಕತ್ತಲೆ ಮಾತ್ರ 1880ರ ಜನ ಕಂಡದ್ದಕ್ಕಿಂತ ಮೂಕವಾಗಿದೆ.

1882ರ ತರುವಾಯ ಕುಯಿಂಜಿ ಇದ್ದಕ್ಕಿದ್ದಂತೆ ಪ್ರದರ್ಶನಗಳನ್ನೆಲ್ಲ ನಿಲ್ಲಿಸಿಬಿಟ್ಟನು. ಕೀರ್ತಿಯ ತುತ್ತತುದಿಯಲ್ಲಿದ್ದವನು ಸುಮಾರು 20 ವರ್ಷ ಕಾಲ ತನ್ನ ಚಿತ್ರಶಾಲೆಯ ಬಾಗಿಲನ್ನು ಮುಚ್ಚಿಕೊಂಡನು. ಶಕ್ತಿ ಬತ್ತಿತೆಂದು ಕೆಲವರು ಆಡಿಕೊಂಡರು. ಅವನು ಬರೆಯುವುದನ್ನು ಬಿಟ್ಟಿರಲಿಲ್ಲ, ತೋರಿಸುವುದನ್ನು ಬಿಟ್ಟಿದ್ದನು. ಎಲ್ಬ್ರೂಸ್ ಶಿಖರದ ಮೇಲಿನ ಚಂದ್ರಿಕೆ, ಹಿಮ ಬಿದ್ದ ಕಾಡಿನಲ್ಲಿ ಬೆಳದಿಂಗಳ ತೇಪೆಗಳು, ಹೀಗೆ ಅದೇ ವಸ್ತುವನ್ನು ಮರಳಿ ಮರಳಿ ಸಣ್ಣ ಪಟಗಳಲ್ಲಿ ಶೋಧಿಸುತ್ತಲೇ ಇದ್ದನು. 1901ರಲ್ಲಿ ಕೆಲವೇ ಆಪ್ತರಿಗೆ ಬಾಗಿಲು ತೆರೆದಾಗ, ಗೆತ್ಸೆಮನೆಯ ತೋಟದ ಗಾಢಾಂಧಕಾರದಲ್ಲಿ ಬೆಳದಿಂಗಳು ಕ್ರಿಸ್ತನೊಬ್ಬನ ಮೇಲೆಯೇ ಬಿದ್ದಿರುವ ಚಿತ್ರವೂ ಅಲ್ಲಿತ್ತು.

ಈ ನಡುವೆ 1894ರಲ್ಲಿ, ಒಮ್ಮೆ ತನ್ನನ್ನು ಹೊರಗಿಟ್ಟಿದ್ದ ಅಕಾಡೆಮಿಯಲ್ಲಿಯೇ ನಿಸರ್ಗಚಿತ್ರದ ತರಗತಿಗೆ ಗುರುವಾಗಿ ಬಂದನು. ನಿಕೊಲಾಯ್ ರೋರಿಚ್, ರೀಲೊವ್, ಬೊಗಾಯೆವ್‌ಸ್ಕಿ, ಲಾಟ್ವಿಯಾದ ಪುರ್ವೀಟಿಸ್, ಪೋಲೆಂಡಿನ ರುಶ್ಚಿತ್ಸ್ ಮೊದಲಾದವರು ಅವನ ತರಗತಿಯಿಂದ ಹೊರಬಂದರು. ಒಬ್ಬನ ಚಿತ್ರ ಇನ್ನೊಬ್ಬನದರಂತಿಲ್ಲ. ಯಾರದೂ ಗುರುವಿನ ನಕಲಲ್ಲ. ಅಧ್ಯಾಪಕ ವೃತ್ತಿಯವರು ಇದನ್ನು ಗಮನಿಸಬೇಕು. 1897ರಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದಾಗ ಅವರ ಪಕ್ಷ ವಹಿಸಿದನೆಂದು ಅಧಿಕಾರಿಗಳು ಅವನನ್ನು ಪದವಿಯಿಂದ ಇಳಿಸಿದರು. ಪದವಿ ಹೋಯಿತು, ಶಿಷ್ಯರು ಹೋಗಲಿಲ್ಲ. ಮರುವರ್ಷ ತನ್ನ ಸ್ವಂತ ಖರ್ಚಿನಲ್ಲಿ ಅವರನ್ನು ಯುರೋಪಿನ ಚಿತ್ರಶಾಲೆಗಳ ದರ್ಶನಕ್ಕೆ ಕರೆದೊಯ್ದನು. ಅದೇ 1897ರಲ್ಲಿ ರೋರಿಚ್ ಬರೆದು ಪದವಿ ಪಡೆದ ಚಿತ್ರ ರಾತ್ರಿಯಲ್ಲಿ ದೋಣಿಯೇರಿ ಹೋಗುವ ದೂತನದು. ಅದರಲ್ಲಿಯೂ ಒಂದು ಚಂದ್ರನಿದ್ದಾನೆ.

ದಾನದ ವಿಷಯವನ್ನು ಹೇಳದಿದ್ದರೆ ಈ ಚರಿತ್ರೆ ಅರೆಯಾಗುತ್ತದೆ. ಚಿತ್ರಗಳಿಂದಲೂ ಮನೆಗಳ ವ್ಯವಹಾರದಿಂದಲೂ ಅವನಿಗೆ ಸಂಪತ್ತು ಕೂಡಿತ್ತು. ಆದರೂ ಗಂಡಹೆಂಡಿರು ಸೇವಕರನ್ನಿಟ್ಟುಕೊಳ್ಳದೆ ಅತ್ಯಂತ ಸರಳವಾಗಿ ಬಾಳಿದರು. 1904ರಲ್ಲಿ ಯುವಕಲಾವಿದರ ವಾರ್ಷಿಕ ಪಾರಿತೋಷಕಗಳಿಗಾಗಿ ಅಕಾಡೆಮಿಗೆ 1 ಲಕ್ಷ ರೂಬಲ್ ಕೊಟ್ಟನು, ತನ್ನನ್ನು ಪದವಿಯಿಂದ ಇಳಿಸಿದ ಅದೇ ಅಕಾಡೆಮಿಗೆ. 1909ರಲ್ಲಿ ಕಲಾವಿದರ ಸಹಾಯಕ್ಕೆಂದು ಅವನ ಹೆಸರಿನ ಸಂಘವೊಂದು ಸ್ಥಾಪಿತವಾದಾಗ ಹಣವನ್ನೂ ಚಿತ್ರಗಳನ್ನೂ ಕ್ರಿಮಿಯಾದ ಭೂಮಿಯನ್ನೂ ಅದಕ್ಕೇ ಬಿಟ್ಟನು. ಹಕ್ಕಿಗಳ ಮೇಲೆ ಅವನಿಗಿದ್ದ ಮಮತೆ ಊರಿಗೆಲ್ಲ ಗೊತ್ತಿತ್ತು. ದಿನವೂ ನಡುಹಗಲಿನ ಹೊತ್ತಿಗೆ ಮನೆಯ ಮಾಳಿಗೆಯೇರಿ ಕಾಳು ಚೆಲ್ಲುತ್ತಿದ್ದನು. ರೆಕ್ಕೆ ಮುರಿದವುಗಳಿಗೆ ಚಿಕಿತ್ಸೆಯನ್ನೂ ಮಾಡುತ್ತಿದ್ದನು. ಅದನ್ನು ಕುರಿತು ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂದಾಗ ಬಹಳ ನೊಂದುಕೊಂಡನೆಂದು ಹೇಳುತ್ತಾರೆ.

ಹೃದ್ರೋಗದಿಂದ ನರಳಿ 1910ರ ಜುಲೈ 24ರಂದು ಕುಯಿಂಜಿ ನಿಧನನಾದನು. ಶತಮಾನದ ತರುವಾಯ, 2010ರಲ್ಲಿ, ಹುಟ್ಟೂರಾದ ಮರಿಯುಪೋಲಿನಲ್ಲಿ ಅವನ ಹೆಸರಿನ ಚಿತ್ರಸಂಗ್ರಹಾಲಯ ತೆರೆಯಿತು. 2022ರ ಮಾರ್ಚ್ ತಿಂಗಳಲ್ಲಿ, ಯುದ್ಧದ ಬಾಂಬು ಬಿದ್ದು, ಆ ಕಟ್ಟಡ ಹಾಳಾಯಿತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿರುವ ಅವನ ಸಮಾಧಿ ಉಳಿದಿದೆ. ಶಿಲ್ಪಿ ಶ್ಚುಸೆವ್ ಕಟ್ಟಿದ ಆ ಕಲ್ಲಿನ ಕಮಾನಿನ ಒಳಗೆ ಶಿಷ್ಯ ರೋರಿಚ್ ಕಲ್ಪಿಸಿದ ಜೀವವೃಕ್ಷದ ಚಿತ್ರವಿದೆ. ಅದು ಎಣ್ಣೆಬಣ್ಣದ ಕೆಲಸವಲ್ಲ. ಬಣ್ಣದ ಗಾಜಿನ ಹರಳುಗಳನ್ನು ಒಂದೊಂದಾಗಿ ಕೂಡಿಸಿ ಮಾಡಿದುದು.